ಖೋಖೋ ಫೈನಲ್ ನೋಡಲು ಕಲಬುರಗಿಯಿಂದ ಕಠ್ಮಂಡುವಿಗೆ

ನಾನು ಕಲಬುರಗಿ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ 31 ವರ್ಷ ಪಿಟಿ ಮಾಸ್ತರ್ ಆಗಿದ್ದವನು. 2018ರಲ್ಲಿ ರಿಟೈರ್ ಆದೆ. ಮರುವರ್ಷ ಡಿಸೆಂಬರಿನಲ್ಲಿ ಕಠ್ಮಂಡುವಿನಲ್ಲಿ 13ನೇ ದಕ್ಷಿಣ ಏಷ್ಯಾ ಕ್ರೀಡಾಕೂಟ ನಡೆಯಿತಲ್ಲ, ಅದನ್ನು ನೋಡಲು ಒಬ್ಬನೇ ಹೋಗಿದ್ದೆ. ಟಿವಿಯಲ್ಲಿ ನೋಡೋದು ಬಿಟ್ಟು ಅಷ್ಟು ದೂರ ಯಾಕೆ ಹೋದ್ರಿ ಅಂತ ಇವತ್ತಿಗೂ ಜನ ಕೇಳುತ್ತಾರೆ. ಅದಕ್ಕೇ ಒಮ್ಮೆ ಪೂರ್ತಿ ಬರೆದಿಡೋಣ ಅಂತ ಕೂತಿದ್ದೇನೆ. ಈ ಕೂಟ ಹೇಗೆ ನಡೆಯುತ್ತೆ ಅನ್ನೋದು ನನ್ನಂಥ ಮಾಸ್ತರುಗಳಿಗೂ ಸರಿಯಾಗಿ ಗೊತ್ತಿರೋದಿಲ್ಲ, ಅದಕ್ಕೂ ಅನುಕೂಲ ಆಗಲಿ.

ಹೋದದ್ದು ಖೋಖೋಗಾಗಿ. ನಮ್ಮ ಶಾಲೆಯಲ್ಲಿ ಕ್ರಿಕೆಟ್ ಕಿಟ್ಟು ಇರಲಿಲ್ಲ, ಹಾಕಿ ಸ್ಟಿಕ್ಕು ಇರಲಿಲ್ಲ, ಖೋಖೋಗೆ ಎರಡು ಕಂಬ ಸಾಕು. ಮೈದಾನ ಎರಿ ಮಣ್ಣಿನದು. ಮಳೆ ಬಂದರೆ ಕಾಲು ಕಿತ್ತಿಡೋಕೆ ಆಗೋದಿಲ್ಲ, ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು. ಅದರ ಮೇಲೆ ಮೂರು ಟ್ರ್ಯಾಕ್ಟರ್ ಮರಂ ಹಾಕಿಸಿ, ಜಾಲಿ ಕಟ್ಟಿಗೆಯ ಕಂಬ ಹುಗಿದು, ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಆಡಿಸುತ್ತಿದ್ದೆ. ವಲಯ, ತಾಲೂಕು, ಜಿಲ್ಲೆ, ವಿಭಾಗ, ಆಮೇಲೆ ರಾಜ್ಯ. ಶಾಲೆ ಮಕ್ಕಳ ಏಣಿ ಇದು. ರಾಜ್ಯ ದಾಟಿ ರಾಷ್ಟ್ರಮಟ್ಟಕ್ಕೆ ಹೋದರೆ ಅಲ್ಲಿಗೆ ಏಣಿ ಮುಗಿಯಿತು. ಒಲಿಂಪಿಕ್ಸಿನಲ್ಲಿ ಖೋಖೋ ಇಲ್ಲ, ಏಷ್ಯನ್ ಗೇಮ್ಸಿನಲ್ಲಿ ಇಲ್ಲ, ಕಾಮನ್‌ವೆಲ್ತ್‌ನಲ್ಲೂ ಇಲ್ಲ. 2016ರಲ್ಲಿ ಗುವಾಹಟಿ ಮತ್ತು ಶಿಲ್ಲಾಂಗಿನಲ್ಲಿ ನಡೆದ 12ನೇ ದಕ್ಷಿಣ ಏಷ್ಯಾ ಕೂಟದಲ್ಲಿ ಪದಕದ ಆಟವಾಗಿ ಸೇರಿತು ನೋಡಿ, ಆಗ ಮೊದಲ ಸಲ ಬೇರೆ ಬೇರೆ ಆಟಗಳ ದೊಡ್ಡ ಕೂಟದಲ್ಲಿ, ದೇಶದ ಬಾವುಟದ ಕೆಳಗೆ, ನಮ್ಮ ಆಟಕ್ಕೂ ಒಂದು ಜಾಗ ಸಿಕ್ಕಂತಾಯಿತು.

ನನ್ನ ಹತ್ತಿರ ಕಲಿತ ಒಬ್ಬಳು ಹುಡುಗಿ ಇದ್ದಳು. ಶಾಲೆ ಟೀಮಿನ ಕ್ಯಾಪ್ಟನ್. ಆಮೇಲೆ ಕಾಲೇಜಿನಿಂದಲೂ ಆಡಿದಳು, ರಾಜ್ಯಮಟ್ಟದವರೆಗೆ ಹೋದಳು. ಅವಳು ಚೆನ್ನಾಗಿ ಆಡುತ್ತಿದ್ದದ್ದು 2011ರಿಂದ 2013ರವರೆಗೆ. ಆ ಹೊತ್ತಿನಲ್ಲಿ ಈ ಕೂಟವೇ ನಡೆಯಲಿಲ್ಲ. 2010ರಲ್ಲಿ ಢಾಕಾದಲ್ಲಿ ಆಯಿತು, ಮುಂದಿನದು 2016ಕ್ಕೆ. ಗುವಾಹಟಿಯಲ್ಲಿ ಖೋಖೋ ನಡೆಯುವಾಗ ಅವಳಿಗೆ ಮದುವೆಯಾಗಿ, ಮಡಿಲಲ್ಲಿ ಎಂಟು ತಿಂಗಳ ಮಗಳಿದ್ದಳು. ಕೂಟ ಹೊತ್ತಿಗೆ ಸರಿಯಾಗಿ ಆಗಿದ್ದರೆ ಅವಳು ಆಯ್ಕೆ ಆಗುತ್ತಿದ್ದಳೋ ಇಲ್ಲವೋ, ಅದು ಬೇರೆ ಮಾತು. ಬಾಗಿಲು ತೆಗೆದಿದ್ದರೆ ತಟ್ಟಿ ನೋಡಬಹುದಿತ್ತಲ್ವಾ?

2019ರ ನವೆಂಬರಿನಲ್ಲಿ ಗುರುಮಠಕಲ್‌ನಲ್ಲಿ ಅವಳ ಮನೆಗೆ ಹೋಗಿದ್ದಾಗ ಕಠ್ಮಂಡು ಮಾತು ಬಂತು. ನಾನೇ ಹೇಳಿದೆ, ಹೋಗಬೇಕು ಅನ್ಸ್ತಿದೆ ಅಂತ. ಅವಳು ಚಹಾ ಲೋಟ ಕೊಡುತ್ತಾ ಅಂದಳು: "ಹೋಗ್ರಿ ಸರ್. ನನಗಂತೂ ಹೋಗ್ಲಾಕ ಆಗಲ್ರೀ. ನೀವರೆ ನೋಡ್ಕೊಂಡು ಬಂದು, ಹ್ಯಾಂಗ ಆಡ್ತಾರಂತ ನನಗ ಹೇಳ್ರಿ." ಅಷ್ಟೇ. ಆ ವಾರವೇ ಟಿಕೆಟ್ ತೆಗೆಸಿದೆ.

ಹೋಗುವವರಿಗೆ ಕೆಲವು ಕೆಲಸದ ಮಾತು. ನೇಪಾಳಕ್ಕೆ ನಮಗೆ ವೀಸಾ ಬೇಡ, ರಸ್ತೆಯಲ್ಲಿ ಹೋದರೆ ವೋಟರ್ ಕಾರ್ಡ್ ಇದ್ದರೂ ನಡೆಯುತ್ತೆ. ಆದರೆ ಆಗ ಅಲ್ಲಿ ನಮ್ಮ 100 ರೂಪಾಯಿಗಿಂತ ದೊಡ್ಡ ನೋಟು ನಡೆಯುತ್ತಿರಲಿಲ್ಲ. ಹೊರಡುವ ಮೊದಲೇ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಪರಿಚಯದ ಅಂಗಡಿಯವರ ಹತ್ತಿರ 500ರ ನೋಟು ಕೊಟ್ಟು ನೂರರ ಕಟ್ಟು ತಗೊಂಡೆ. ನಮ್ಮ 100ಕ್ಕೆ ಅವರ 160, ಅದು ಏರೋದೂ ಇಲ್ಲ ಇಳಿಯೋದೂ ಇಲ್ಲ. ಅಂಗಡಿಗಳಲ್ಲಿ ರೇಟು ಹೇಳುವಾಗ ಐಸಿಯೋ ಎನ್‌ಸಿಯೋ ಅಂತ ಕೇಳಿಕೊಳ್ಳಬೇಕು. ಐಸಿ ಅಂದರೆ ನಮ್ಮ ರೂಪಾಯಿ, ಎನ್‌ಸಿ ಅಂದರೆ ಅವರದು. ಗಡಿಯಾರ ಹದಿನೈದು ನಿಮಿಷ ಮುಂದಿಟ್ಟುಕೊಳ್ಳಿ.

ಕಲಬುರಗಿಗೆ ವಿಮಾನ ಬಂದು ಆಗಿನ್ನೂ ಎಂಟು ದಿನ ಆಗಿತ್ತು, ನವೆಂಬರ್ 22ಕ್ಕೆ ನಿಲ್ದಾಣ ಶುರುವಾಗಿತ್ತು. ಆದರೆ ನನಗೆ ಅದು ದಾರಿಯಲ್ಲ. 30ರ ರಾತ್ರಿ ಬಸ್ಸಿಗೆ ಹೈದರಾಬಾದ್, ಮರುದಿನ ಬೆಳಿಗ್ಗೆ ಪಾಟ್ನಾ ಕಡೆಯ ಗಾಡಿ. ಹೆಂಡತಿ ಕಟ್ಟಿಕೊಟ್ಟ ಖಟಕ್ ರೊಟ್ಟಿ, ಶೇಂಗಾ ಹಿಂಡಿ ನಾಲ್ಕು ದಿನ ಬಂತು. ಬಿಹಾರದೊಳಗೆ ಮಂಜು, ಗಾಡಿ ತಡ. ಪಾಟ್ನಾದಿಂದ ಗಡಿಯ ಊರು ರಕ್ಸೌಲ್‌ಗೆ ಬಸ್ಸು, ಅದೂ ತಡ. ರಾತ್ರಿ ಗಡಿಯಾಚೆ ನೇಪಾಳದ ಬೀರ್‌ಗಂಜ್‌ನಲ್ಲಿ ಮಲಗಿ, 4ನೇ ತಾರೀಖು ಬೆಳಿಗ್ಗೆ ಸುಮೋದಲ್ಲಿ ಹತ್ತು ಜನರ ನಡುವೆ ಕೂತು, ಹೇಟೌಡಾ ದಾಟಿ ಗುಡ್ಡದ ತಿರುವುಗಳಲ್ಲಿ ಹೊಟ್ಟೆ ಹಿಡಿದುಕೊಂಡು ಸಂಜೆಗೆ ಕಠ್ಮಂಡು ಮುಟ್ಟಿದೆ.

ಅಷ್ಟರಲ್ಲಿ ಖೋಖೋ ಮುಗಿದಿತ್ತು. ಫೈನಲ್ ಸಮೇತ.

ನಾನು ಅಂದುಕೊಂಡದ್ದು, ಕೂಟ 1ರಿಂದ 10ರವರೆಗೆ ಇದೆ, ಫೈನಲ್‌ಗಳು ಕೊನೆಗೆ ಇರುತ್ತವೆ ಅಂತ. ಶರಣಬಸವೇಶ್ವರ ಜಾತ್ರೆಯಲ್ಲಿ ತೇರಿಗೆ ಒಂದು ದಿನ ಗೊತ್ತಿರುತ್ತಲ್ಲ, ಇಲ್ಲಿ ಹಾಗಿಲ್ಲ. ಪ್ರತಿ ಆಟಕ್ಕೂ ಅದರದೇ ದಿನಗಳು. ವಾಲಿಬಾಲ್ ಉದ್ಘಾಟನೆಗೂ ಮೊದಲೇ, ನವೆಂಬರಿನಲ್ಲೇ ಶುರುವಾಗಿತ್ತು. ಖೋಖೋ ಮೊದಲ ವಾರದಲ್ಲೇ ಮುಗಿಸಿಬಿಟ್ಟಿದ್ದರು. ಗಂಡಸರಲ್ಲಿ ಭಾರತ ಬಾಂಗ್ಲಾದೇಶವನ್ನೂ, ಹೆಂಗಸರಲ್ಲಿ ನೇಪಾಳವನ್ನೂ ಸೋಲಿಸಿ ಎರಡೂ ಚಿನ್ನ ಗೆದ್ದಿತ್ತು. ಸುಂಧಾರಾ ಹತ್ತಿರದ ಲಾಡ್ಜಿನಲ್ಲಿ ಬ್ಯಾಗು ಇಟ್ಟು, ಹಾಸಿಗೆ ಮೇಲೆ ಕೂತೆ. ಆ ರಾತ್ರಿ ಊಟ ಇಳಿಯಲಿಲ್ಲ. ಇಂಥ ಕೂಟಕ್ಕೆ ಹೋಗುವವರು ಯಾರೇ ಇರಲಿ, ಕೂಟದ ತಾರೀಖು ನೋಡಬೇಡಿ, ನಿಮ್ಮ ಆಟದ ತಾರೀಖು ನೋಡಿ.

ಬೆಳಿಗ್ಗೆ ಸ್ಟೇಡಿಯಂ ಕಡೆ ನಡೆದೆ. ದಶರಥ ರಂಗಶಾಲಾ. 2015ರ ಭೂಕಂಪದಲ್ಲಿ ಹಾಳಾಗಿದ್ದನ್ನು ಮತ್ತೆ ಕಟ್ಟಿದ್ದು. ಕೂಟ ಮೊದಲು ಮಾರ್ಚಿಗೆ ಅಂತಿತ್ತು, ಡಿಸೆಂಬರಿಗೆ ಹೋಗಿತ್ತು. ಗೇಟಿನ ಹತ್ತಿರ ಟ್ರ್ಯಾಕ್‌ಸೂಟ್ ಹಾಕಿಕೊಂಡ ಸ್ವಯಂಸೇವಕರು, ಎಲ್ಲ ಕಾಲೇಜು ಮಕ್ಕಳು. ಕೊರಳಲ್ಲಿ ಕಾರ್ಡು, ಕಾರ್ಡಿನ ಮೇಲೆ ಫೋಟೋ ಮತ್ತು ಎಲ್ಲಿಯವರೆಗೆ ಒಳಗೆ ಬಿಡಬಹುದು ಅನ್ನುವ ಗುರುತು. ಆಟಗಾರರು, ಕೋಚು, ಅಂಪೈರು, ಡಾಕ್ಟರು, ಪತ್ರಿಕೆಯವರು, ಎಲ್ಲರಿಗೂ ಇಂಥದ್ದೇ ಕಾರ್ಡು, ಗುರುತು ಮಾತ್ರ ಬೇರೆ. ಅದಿಲ್ಲದೆ ಒಬ್ಬರೂ ಟ್ರ್ಯಾಕಿಗೆ ಇಳಿಯೋ ಹಾಗಿಲ್ಲ. ನಮ್ಮ ತಾಲೂಕು ಕೂಟಗಳಲ್ಲಿ ಓಟ ನಡೆಯುವಾಗಲೇ ಊರಿನವರು ಟ್ರ್ಯಾಕಿನ ಮೇಲೆ ನಿಂತಿರುತ್ತಾರೆ, ಅವರನ್ನು ಸರಿಸಿ ಸರಿಸಿ ನನ್ನ ಗಂಟಲು ಕಟ್ಟುತ್ತಿತ್ತು.

ಅಲ್ಲಿ ಒಬ್ಬ ಹುಡುಗಿಯ ಹತ್ತಿರ ನಮ್ಮ ಕಲಬುರಗಿ ಹಿಂದಿಯಲ್ಲಿ ಕೇಳಿದೆ, ಬೇಟಾ, ಖೋಖೋ ನೋಡಲು ಬಂದಿದ್ದೆ, ತಪ್ಪಿಹೋಯಿತು, ಇನ್ನೇನಾದರೂ ಉಳಿದಿದೆಯಾ ಅಂತ. ಅವಳು ನಕ್ಕುಬಿಟ್ಟಳು. ಖೋಖೋ ಅಂಗಳದಲ್ಲೇ ಅವಳಿಗೆ ಡ್ಯೂಟಿ ಇತ್ತಂತೆ. "ಅಂಕಲ್, ನನ್ನ ಹತ್ತಿರ ವಿಡಿಯೋ ಇದೆ" ಅಂದಳು. ಹೆಂಗಸರ ಫೈನಲ್‌ನ ಒಂದು ನಿಮಿಷ ಹತ್ತು ಸೆಕೆಂಡು. ಅಲ್ಲೇ ಕಟ್ಟೆಯ ಮೇಲೆ ಕೂತು ನನ್ನ ಫೋನಿಗೆ ಕಳಿಸಿದಳು. ಆಮೇಲೆ ನಾನು ಅಲ್ಲಿದ್ದ ದಿನವೆಲ್ಲ, ಇವತ್ತು ಯಾವ ಆಟ ಎಲ್ಲಿ, ಯಾವ ಬಸ್ಸು ಹತ್ತಬೇಕು ಅಂತ ಅವಳೇ ಹೇಳುತ್ತಿದ್ದಳು.

ಕೂಟದ ಕಟ್ಟುಪಾಡು ನನಗೆ ಅರ್ಥವಾದದ್ದು ಹೀಗೆ. 1983ರಲ್ಲಿ ಸುತ್ತಲಿನ ದೇಶಗಳ ಒಲಿಂಪಿಕ್ ಸಂಸ್ಥೆಗಳು ಸೇರಿ ದಕ್ಷಿಣ ಏಷ್ಯಾ ಒಲಿಂಪಿಕ್ ಕೌನ್ಸಿಲ್ ಮಾಡಿಕೊಂಡವು. ಮರುವರ್ಷ ಇದೇ ಕಠ್ಮಂಡುವಿನಲ್ಲಿ ಮೊದಲ ಕೂಟ, ಆಗ ಇದ್ದದ್ದು ಐದೇ ಆಟ: ಅಥ್ಲೆಟಿಕ್ಸ್, ಫುಟ್‌ಬಾಲ್, ಬಾಕ್ಸಿಂಗ್, ಈಜು, ಭಾರ ಎತ್ತುವುದು. ಸ್ಯಾಫ್ ಗೇಮ್ಸ್ ಅಂತ ಕರೆಯುತ್ತಿದ್ದರು, ನನ್ನ ವಯಸ್ಸಿನವರಿಗೆ ಆ ಹೆಸರೇ ನೆನಪು. 2004ರಿಂದ ದಕ್ಷಿಣ ಏಷ್ಯಾ ಕ್ರೀಡಾಕೂಟ ಅಂತ ಆಯಿತು. ಭಾರತ, ಪಾಕಿಸ್ತಾನ, ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ, ಭೂತಾನ್, ಮಾಲ್ಡೀವ್ಸ್, ಹೀಗೆ ಏಳು ದೇಶ. ಅಫ್ಘಾನಿಸ್ತಾನ 2004ರಲ್ಲಿ ಬಂದು, 2016ರ ನಂತರ ಮಧ್ಯ ಏಷ್ಯಾದ ಕಡೆ ಹೋಯಿತು. ಯಾವ ದೇಶದಲ್ಲಿ ಕೂಟವೋ, ಯಾವ ಯಾವ ಆಟ ಇರಬೇಕು ಅನ್ನುವುದರಲ್ಲಿ ಆ ದೇಶದ ಮಾತಿಗೆ ತೂಕ ಜಾಸ್ತಿ. ಆಟಗಾರರನ್ನು ಆರಿಸುವುದು ಆಯಾ ದೇಶದ ಆಯಾ ಆಟದ ಫೆಡರೇಷನ್, ಕಳಿಸುವುದು ಒಲಿಂಪಿಕ್ ಸಂಸ್ಥೆ. ಎಲ್ಲ ದೇಶವೂ ಎಲ್ಲ ಆಟಕ್ಕೂ ಬರಬೇಕು ಅಂತೇನಿಲ್ಲ. ಆ ಸಲ ಭಾರತ ಕ್ರಿಕೆಟ್ ಟೀಮನ್ನೇ ಕಳಿಸಲಿಲ್ಲ, ಗಂಡಸರ ಫುಟ್‌ಬಾಲಿಗೂ ಹೋಗಲಿಲ್ಲ. ಹೆಂಗಸರ ಫುಟ್‌ಬಾಲಿಗೆ ಹೋಗಿ ಪೋಖರಾದಲ್ಲಿ ಚಿನ್ನ ಗೆದ್ದರು. ಕುಸ್ತಿ ಜನಕಪುರದಲ್ಲಿ.

ಮೂರು ದಿನ ಅಥ್ಲೆಟಿಕ್ಸ್ ನೋಡಿದೆ. ದೇಶಗಳೇ ಏಳು, ಹಾಗಾಗಿ ಎಷ್ಟೋ ಸ್ಪರ್ಧೆಗೆ ಹೀಟ್ಸ್ ಗೀಟ್ಸ್ ಏನೂ ಇಲ್ಲ, ನೇರ ಫೈನಲ್. ಇದನ್ನೇ ಹಿಡಿದು ಕೆಲವರು ಈ ಕೂಟವನ್ನು ಸಣ್ಣದು ಮಾಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ನಾನು ಕೂತಿದ್ದಾಗಲೇ ಪಾಕಿಸ್ತಾನದ ಅರ್ಷದ್ ನದೀಮ್ 86.29 ಮೀಟರ್ ಜಾವೆಲಿನ್ ಎಸೆದರು. ಅದು ಈ ಕೂಟದ ದಾಖಲೆ, ಅದರಿಂದಲೇ ಅವರಿಗೆ ಟೋಕಿಯೋ ಒಲಿಂಪಿಕ್ಸಿಗೆ ನೇರ ದಾರಿ ಸಿಕ್ಕಿತು. ಗುವಾಹಟಿಯ 2016ರ ಕೂಟದಲ್ಲಿ ನಮ್ಮ ನೀರಜ್ ಚೋಪ್ರಾ 82.23ಕ್ಕೆ ಚಿನ್ನ ಗೆದ್ದಾಗ ಇದೇ ಅರ್ಷದ್ ಕಂಚು ತಗೊಂಡಿದ್ದರು. ಮುಂದೆ ಟೋಕಿಯೋದಲ್ಲಿ ನೀರಜ್ ಚಿನ್ನ, ಪ್ಯಾರಿಸ್ಸಿನಲ್ಲಿ ಅರ್ಷದ್ 92.97ಕ್ಕೆ ಚಿನ್ನ, ನೀರಜ್ ಬೆಳ್ಳಿ. ಲೋಕವೇ ನೋಡಿದ ಆ ಪೈಪೋಟಿಯ ಮೊದಲ ಮೆಟ್ಟಿಲುಗಳಲ್ಲಿ ಈ ಕೂಟವೂ ಇದೆ. ಗಂಡಸರ 100 ಮೀಟರ್ ಓಟ ನಾನು ಹೋಗುವ ಮೊದಲೇ ಮುಗಿದಿತ್ತು. ಗೆದ್ದದ್ದು ಮಾಲ್ಡೀವ್ಸಿನ ಹಸನ್ ಸಯೀದ್, 10.49 ಸೆಕೆಂಡು. ಇಡೀ ಕೂಟದಲ್ಲಿ ಆ ದೇಶಕ್ಕೆ ಸಿಕ್ಕ ಒಂದೇ ಚಿನ್ನ ಅದು. ಅಷ್ಟು ಪುಟ್ಟ ದ್ವೀಪಗಳ ಹುಡುಗ ಸುತ್ತಲಿನ ಎಲ್ಲ ದೇಶಗಳವರನ್ನು ಹಿಂದೆ ಹಾಕಿ ಓಡಿದ ಅಂದರೆ, ಅವನ ಊರಿನಲ್ಲಿ ಆ ದಿನ ಹೇಗಿತ್ತೋ!

ಸಾತ್‌ದೋಬಾಟೋ ಅಂತ ಲಲಿತ್‌ಪುರದಲ್ಲಿದೆ, ಅಲ್ಲಿ ಈಜು. ಹೊರಗೆ ಕೊರೆಯುವ ಚಳಿ, ಒಳಗೆ ಜನರ ಕೂಗಿಗೆ ಕಿವಿ ಗುಂಯ್ ಅನ್ನುತ್ತಿತ್ತು. ಎಲ್ಲರ ಬಾಯಲ್ಲೂ ಒಂದೇ ಹೆಸರು, ಗೌರಿಕಾ ಸಿಂಗ್. 13ನೇ ವಯಸ್ಸಿಗೇ ರಿಯೋ ಒಲಿಂಪಿಕ್ಸಿನಲ್ಲಿ ಈಜಿದ್ದ ನೇಪಾಳದ ಹುಡುಗಿ, ಆಗ 17. ಆ ಕೂಟದಲ್ಲಿ ನಾಲ್ಕು ಚಿನ್ನ ಗೆದ್ದಳು. ನಾನು ಅಲ್ಲಿ ಜಾಸ್ತಿ ನೋಡಿದ್ದು ಬಾವುಟ ಏರಿಸುವವರನ್ನು. ಪದಕ ಕೊಟ್ಟ ಮೇಲೆ ಮೂರು ಬಾವುಟ ಒಟ್ಟಿಗೆ ಏರಬೇಕು, ನಡುವಿನದು ಚಿನ್ನದವರದು, ಎತ್ತರದಲ್ಲಿ. ನಮ್ಮದು, ಶ್ರೀಲಂಕಾದ್ದು ಅಡ್ಡ ಉದ್ದದವು. ನೇಪಾಳದ್ದು ಹಾಗಲ್ಲ, ಎರಡು ತ್ರಿಕೋನ ಒಂದರ ಮೇಲೊಂದು, ಅಗಲಕ್ಕಿಂತ ಎತ್ತರ ಜಾಸ್ತಿ. ಪಕ್ಕಪಕ್ಕದಲ್ಲಿ ಕಟ್ಟಿದರೆ ಮೇಲಿನ ಅಂಚು ಸರಿಹೋದರೆ ಕೆಳಗೆ ಸರಿಹೋಗುವುದಿಲ್ಲ. ಒಬ್ಬ ಹುಡುಗ ಸಮವಸ್ತ್ರದ ತೋಳಿನಿಂದ ಬೆವರು ಒರೆಸಿಕೊಳ್ಳುತ್ತಾ, ಪ್ರತಿ ಸಲ ಹಗ್ಗ ಬಿಚ್ಚಿ, ಅಂಗೈಯಿಂದ ಬಟ್ಟೆಯ ಮಡಿಕೆ ನೀವಿ, ಅಂಚು ಅಳೆದು ಮತ್ತೆ ಕಟ್ಟುತ್ತಿದ್ದ. ಅಷ್ಟರಲ್ಲಿ ರಾಷ್ಟ್ರಗೀತೆ ಶುರುವಾಗಬೇಕು. ಆಗಸ್ಟ್ 15ಕ್ಕೆ ಬಾವುಟ ಬಿಚ್ಚಿಕೊಳ್ಳುತ್ತೋ ಇಲ್ಲವೋ ಅಂತ ನಾನು 31 ವರ್ಷ ಎದೆ ಹಿಡಿದುಕೊಂಡು ನಿಂತವನು, ಅವನ ಕೈಯನ್ನೇ ನೋಡುತ್ತಿದ್ದೆ. ನೇಪಾಳದ ರಾಷ್ಟ್ರಗೀತೆ ಮುಗಿಯುವಾಗ ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಶಾಲಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಅವರಿಗೆ ಅಳು ಬರೋದಕ್ಕೆ ಕಾರಣ ಇದೆ. ಗುವಾಹಟಿಯಲ್ಲಿ ನೇಪಾಳಕ್ಕೆ ಸಿಕ್ಕದ್ದು ಮೂರೇ ಚಿನ್ನ. ಈ ಸಲ 51. ಅದಕ್ಕೂ ಹಿಂದೆ ಅವರ ಒಳ್ಳೆಯ ಲೆಕ್ಕ ಅಂದರೆ 1999ರ 31, ಅದೂ ಕಠ್ಮಂಡುವಿನಲ್ಲೇ. ಮನೆಯಂಗಳದ ಬಲ ಇದು. ಕರಾಟೆ, ಟೇಕ್ವಾಂಡೋದಂಥ ಅವರ ಕೈಯ ಆಟಗಳಲ್ಲೇ ಮೊದಲ ದಿನಗಳಲ್ಲಿ ಚಿನ್ನ ಬಂದವು. ಸಂತೋಷಿ ಶ್ರೇಷ್ಠ 10,000 ಮೀಟರ್ ಓಟ ಗೆದ್ದಾಗ ಊರೇ ಕುಣಿಯಿತು.

ಭಾರತ 174 ಚಿನ್ನ, 93 ಬೆಳ್ಳಿ, 45 ಕಂಚು, ಒಟ್ಟು 312. ಅದು ಗೊತ್ತಿದ್ದದ್ದೇ. ಎರಡನೇ ಜಾಗದ ಲೆಕ್ಕ ಮಾತ್ರ ನನ್ನನ್ನು ಬಿಡಲಿಲ್ಲ. ನೇಪಾಳ 51, 60, 95. ಒಟ್ಟು 206. ಶ್ರೀಲಂಕಾ 40, 83, 128. ಒಟ್ಟು 251. ಒಟ್ಟು ಪದಕ ಶ್ರೀಲಂಕಾದ್ದು 45 ಜಾಸ್ತಿ, ಆದರೂ ಪಟ್ಟಿಯಲ್ಲಿ ನೇಪಾಳ ಮೇಲೆ. ಯಾಕೆಂದರೆ ಪಟ್ಟಿಯಲ್ಲಿ ಮೊದಲು ಚಿನ್ನ ಎಣಿಸುತ್ತಾರೆ, ಚಿನ್ನ ಸಮ ಆದರೆ ಮಾತ್ರ ಬೆಳ್ಳಿ, ಅದೂ ಸಮ ಆದರೆ ಕಂಚು. ನಮ್ಮ ಶಾಲೆ ಕೂಟಗಳಲ್ಲಿ ಪ್ರಥಮಕ್ಕೆ 5, ದ್ವಿತೀಯಕ್ಕೆ 3, ತೃತೀಯಕ್ಕೆ 1 ಅಂಕ ಕೊಟ್ಟು ಸಮಗ್ರ ಚಾಂಪಿಯನ್ ಮಾಡುತ್ತೇವಲ್ಲ, ಹಾಗೆ ಹಾಕಿ ನೋಡೋಣ ಅಂತ ಪೇಪರಿನ ಅಂಚಿನಲ್ಲಿ ಬರೆದೆ. ನೇಪಾಳ 530, ಶ್ರೀಲಂಕಾ 577. ನಮ್ಮ ತಾಲೂಕಿನ ಲೆಕ್ಕದಲ್ಲಿ ಎರಡನೇ ಶೀಲ್ಡು ಶ್ರೀಲಂಕಾಕ್ಕೆ! ಯಾವ ಲೆಕ್ಕ ಸರಿ ಅಂತ ಕೇಳಿದರೆ, ಮಕ್ಕಳಿಗೆ ನಮ್ಮ 5-3-1 ಒಳ್ಳೆಯದು ಅನ್ನುತ್ತೇನೆ. ಮೂರನೆಯವನ ಬೆವರಿಗೂ ಅದರಲ್ಲಿ ಜಾಗ ಇದೆ.

10ನೇ ತಾರೀಖು ಫುಟ್‌ಬಾಲ್ ಫೈನಲ್, ನೇಪಾಳ ಮತ್ತು ಭೂತಾನ್. ಸ್ಟೇಡಿಯಂ ಸುತ್ತ ಕಾಲಿಡಲು ಜಾಗ ಇರಲಿಲ್ಲ. ನಾನು ತ್ರಿಪುರೇಶ್ವರದಲ್ಲಿ ಒಂದು ಚಹಾ ಅಂಗಡಿಯ ಟಿವಿ ಮುಂದೆ ಕೂತೆ. ಸ್ಟೇಡಿಯಂ ಕೂಗಳತೆ ದೂರ. ಟಿವಿಯಲ್ಲಿ ಇನ್ನೂ ಚೆಂಡು ಮೈದಾನದ ನಡುವೆ ಇರುವಾಗಲೇ ಹೊರಗಿನಿಂದ ಹೋ ಅಂತ ಕೂಗು ಬರುತ್ತಿತ್ತು, ಆಗ ಅಂಗಡಿಯವರೆಲ್ಲ ಮೊದಲೇ ಎದ್ದು ನಿಲ್ಲುತ್ತಿದ್ದರು, ಆಮೇಲೆ ಟಿವಿಯಲ್ಲಿ ಗೋಲು. ನೇಪಾಳ 2-1ರಲ್ಲಿ ಗೆದ್ದಿತು. ಅಂಗಡಿಯವನು ಚಹಾದ ದುಡ್ಡು ತಗೊಳ್ಳಲಿಲ್ಲ. ಭೂತಾನಿಗೆ ಇಡೀ ಕೂಟದಲ್ಲಿ ಒಂದೂ ಚಿನ್ನ ಇಲ್ಲ. ಆ ಹುಡುಗರು ಸೋತು ನೆಲಕ್ಕೆ ಕೂತದ್ದನ್ನು ಟಿವಿಯಲ್ಲಿ ತೋರಿಸುವಾಗ, ಅಂಗಡಿಯಲ್ಲಿ ಕುಣಿಯುತ್ತಿದ್ದವರಲ್ಲೇ ಕೆಲವರು ನಿಂತು ಚಪ್ಪಾಳೆ ತಟ್ಟಿದರು. ಅದು ನನಗೆ ಬಹಳ ಹಿಡಿಸಿತು.

ಮುಂದಿನ ಕೂಟ ಪಾಕಿಸ್ತಾನಕ್ಕೆ ಅಂತ ಆಗಿತ್ತು, 2021ಕ್ಕೆ. ಅದು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ದೊಡ್ಡವರಿಗೆ ಕಾರಣಗಳು ಇರಬಹುದು. ಆದರೆ ಖೋಖೋ ಆಡುವ ಹುಡುಗಿಗೆ ನಾಲ್ಕು ವರ್ಷ ಅಂದರೆ ಏನು ಅನ್ನೋದು ನಮ್ಮ ಕಡೆಯ ಮಾಸ್ತರುಗಳಿಗೆ ಗೊತ್ತು. ಹದಿನೆಂಟಕ್ಕೆ ಕಾಲು ಹಗುರ ಇರುತ್ತೆ, ಇಪ್ಪತ್ತೆರಡಕ್ಕೆ ಮದುವೆ ಆಗಿರುತ್ತೆ. ಜಾವೆಲಿನ್‌ನವರಿಗೆ ಈ ಕೂಟ ತಪ್ಪಿದರೆ ಇನ್ನೊಂದಿದೆ, ನಮ್ಮವರಿಗೆ ಆಗ ಇದ್ದದ್ದು ಇದೊಂದೇ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋಖೋ ವಿಶ್ವಕಪ್ ಆಯಿತು, ಭಾರತ ಎರಡೂ ಫೈನಲ್‌ನಲ್ಲಿ ನೇಪಾಳವನ್ನೇ ಸೋಲಿಸಿತು, ನನಗೆ ಆದ ಖುಷಿ ಹೇಳತೀರದು. ಆದರೂ ಎಲ್ಲ ಆಟದವರ ಜೊತೆ ಒಂದೇ ಕೂಟದಲ್ಲಿ ಆಡುವುದಕ್ಕೆ ಬೇರೆಯದೇ ಗೌರವ ಇದೆ, ಅದು ಹೊತ್ತಿಗೆ ಸರಿಯಾಗಿ ನಡೆಯಲೇಬೇಕು.

ಊರಿಗೆ ಬಂದು ಸಂಕ್ರಾಂತಿ ಮುಗಿದ ಮೇಲೆ ಗುರುಮಠಕಲ್‌ಗೆ ಹೋದೆ. ತೊಗರಿ ರಾಶಿ ನಡೆದಿತ್ತು, ಅಂಗಳದ ಪರ್ಸಿ ಮೇಲೆಲ್ಲ ಹೊಟ್ಟು. ಫೈನಲ್ ತಪ್ಪಿತು ಅಂತ ಮೊದಲೇ ಫೋನಿನಲ್ಲಿ ಹೇಳಿದ್ದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ನನ್ನ ಫೋನು ಇಸಕೊಂಡಳು. ವಿಡಿಯೋದಲ್ಲಿ ನೇಪಾಳದ ಒಬ್ಬಳೇ ಹುಡುಗಿ ಉಳಿದಿದ್ದಾಳೆ, ಜೊತೆಯ ಇಬ್ಬರು ಔಟಾಗಿದ್ದಾರೆ. ನಮ್ಮವರು ಖೋ ಮೇಲೆ ಖೋ ಕೊಡುತ್ತಿದ್ದಾರೆ. ಆ ಹುಡುಗಿ ಕೂತವರ ನಡುವೆ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ನುಸುಳಿ ನುಸುಳಿ ಹೋಗುತ್ತಾಳೆ. ಕೊನೆಗೆ ಒಂದು ಕೈ ಚಾಚಿ ಬೆನ್ನಿಗೆ ತಾಗುತ್ತೆ. ನಾನು ಅದನ್ನು ಲಾಡ್ಜಿನಲ್ಲಿ, ಗಾಡಿಯಲ್ಲಿ ಎಷ್ಟು ಸಲ ನೋಡಿದ್ದೆನೋ ಲೆಕ್ಕ ಇಲ್ಲ.

ಅವಳು ಎರಡು ಸಲ ಸುಮ್ನೆ ನೋಡಿದಳು. ಮೂರನೇ ಸಲ ಬೆರಳಿಟ್ಟು ನಿಲ್ಲಿಸಿದಳು.

"ಸರ್, ಈಕಿ ಕಂಬದ ಕಡಿ ಒಮ್ಮಿನೂ ಹೋಗಿಲ್ಲ ನೋಡ್ರಿ. ನಡಬರಕೇ ಆಡ್ಯಾಳ. ಯಾಕ್ರೀ? ನಮ್ಮವ್ರು ಕಂಬದ ಹತ್ರ ಡೈವ್ ಹೊಡೀತಾರಂತ ಅಂಜ್ಯಾಳೇನು?"

ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಕನ್ನಡಕ ಸರಿಮಾಡಿಕೊಂಡು ಬಗ್ಗಿದೆ. ನಿಜ. ಇಡೀ ಒಂದು ನಿಮಿಷದಲ್ಲಿ ಆ ಹುಡುಗಿ ಎರಡೂ ಕಂಬದಿಂದ ದೂರ.

"ತಡೀರಿ, ಇನ್ನೊಮ್ಮಿ ಹಚ್ಚತೀನಿ" ಅಂದಳು. ಒಳಗಿನಿಂದ ಅತ್ತೆ ಕರೆಯುತ್ತಿದ್ದರು. "ಬಂದೆ ಅತ್ತಿ" ಅಂದವಳು, ಫೋನು ಕೈಯಲ್ಲೇ ಹಿಡಿದು, ಹೊಟ್ಟಿನ ಮೇಲೆ ಕುಕ್ಕರಗಾಲಲ್ಲಿ ಕೂತಳು.